ಕುಡಿತದ ವಿಷಯ ಮುಚ್ಚಿಡಬೇಡಿ

ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದವರೊಬ್ಬರಿಗೆ ಮನೆ ಕೊಡಿ ಅಂತ ಮನೆ ಕೊಡುವ ಸಂಸ್ಥೆಗೆ ಶಿಫಾರಸು ಬರೆಯುವಾಗ, ಅದರಲ್ಲಿ ‘ಬೇಕಾದ ನೆರವು’ ಅನ್ನೋ ಕಡೆ ಕುಡಿತದ ಬಗ್ಗೆ ಬರೆದರೆ ಮನೆ ಕೈತಪ್ಪುತ್ತಾ ಅಂತ ಕೇಳಿದ್ದೀರಿ. ಕೆಲವು ಕಡೆ ತಪ್ಪಬಹುದು, ಸುಳ್ಳು ಹೇಳಲ್ಲ. ಆದರೂ ಬರೆಯಿರಿ. ಮುಚ್ಚಿಟ್ಟರೆ ಬೀಗದ ಕೈ ಸಿಗುತ್ತದೆ, ಜೊತೆಗೆ ನಿಲ್ಲುವವರು ಸಿಗುವುದಿಲ್ಲ.

ಹೇಗೆ ಬರೆಯುತ್ತೀರಿ ಅನ್ನೋದೇ ಮುಖ್ಯ. ‘ಕುಡಿತದ ಚಟ ಇದೆ’ ಅಂತ ಸುಮ್ನೆ ಬರೆದರೆ ಓದುವವರು ಹೆದರುತ್ತಾರೆ, ಅಷ್ಟೇ. ‘ಸಂಜೆ ಕುಡಿಯುತ್ತಾರೆ, ಬೆಳಿಗ್ಗೆ ಹತ್ತಕ್ಕೆ ಭೇಟಿ ಇಟ್ಟರೆ ತಪ್ಪದೆ ಬರುತ್ತಾರೆ’ ಅಂದರೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆದು ಕಳಿಸಿ.

‘ಮೊದಲು ಕುಡಿತ ಬಿಡಲಿ, ಆಮೇಲೆ ಮನೆ’ ಅಂತ ಮನೆ ಕೊಡುವವರು ಹೇಳಿದರೆ, ಅವರಿಗೆ ‘ಹೌಸಿಂಗ್ ಫಸ್ಟ್’ ಬಗ್ಗೆ ಹೇಳಿ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಪದ್ಧತಿ. ಮನೆ ಮೊದಲು, ಉಳಿದ ನೆರವು ಜೊತೆಜೊತೆಗೆ. ಫಿನ್ಲೆಂಡ್ 2008ರಿಂದ ಇಡೀ ದೇಶಕ್ಕೇ ಇದನ್ನು ತಂದಿತು.

ಇನ್ನೊಂದು, ಜಾಸ್ತಿ ಜನ ಮರೆಯುವುದು. ಮನೆ ಸಿಕ್ಕ ಮೇಲೆ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆಯಾದರೂ ಯಾರಾದರೂ ಅವರನ್ನು ನೋಡಲು ಬರಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಮಂಚ ಇದ್ದರೂ ಬಾಗಿಲ ಪಕ್ಕ ನೆಲದ ಮೇಲೆ, ಬೂಟು ಹಾಕಿಕೊಂಡೇ ಮಲಗುವವರಿದ್ದಾರೆ. ಬಂದ ಕಾಗದಗಳು ಒಡೆಯದೆ ಬಾಗಿಲ ಹಿಂದೆ ಬಿದ್ದಿರುತ್ತವೆ. ಅದರಲ್ಲೇ ಬಾಡಿಗೆ ಬಾಕಿಯ ನೋಟಿಸೂ ಇರುತ್ತದೆ, ಅಲ್ವಾ? ಅದನ್ನು ಜೊತೆಗೆ ಕೂತು ಒಡೆದು ಓದುವವರು ಬೇಕು.