ಚೊಕೆಕಿರಾವ್ ಚಾರಣ ನಿಜಕ್ಕೂ ಅಷ್ಟು ಕಷ್ಟವಾ? ಗೈಡ್ ಬೇಕಾ?

ಕಷ್ಟವೇ. ಪೆರುವಿನ ಈ ಇಂಕಾ ಅವಶೇಷಗಳಿರುವುದು ಸುಮಾರು 3,000 ಮೀಟರ್ ಎತ್ತರದಲ್ಲಿ. ಆದರೆ ಸುಸ್ತು ಮಾಡುವುದು ಎತ್ತರಕ್ಕಿಂತ ಜಾಸ್ತಿ ಕಣಿವೆ. ಚಾರಣ ಶುರುವಾಗುವ ಕಾಪುಲಿಯೋಕ್‌ನಿಂದ ಅಪುರಿಮಾಕ್ ನದಿವರೆಗೆ ಸುಮಾರು 1,400 ಮೀಟರ್ ಇಳಿಯಬೇಕು, ಸೇತುವೆ ದಾಟಿ ಮತ್ತೆ ಅಷ್ಟೇ ಹತ್ತಬೇಕು. ವಾಪಸ್ ಬರುವಾಗಲೂ ಅದೇ. ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಮಂಡಿ ನೋವಿದ್ದವರಿಗೆ ಇಳಿಯುವುದೇ ದೊಡ್ಡ ಪರೀಕ್ಷೆ, ಊರುಗೋಲು ಇರಲಿ. ನದಿ ಹತ್ತಿರ ವಿಪರೀತ ಸೆಕೆ, ಕಚ್ಚುವ ಸಣ್ಣ ನೊಣಗಳ ಕಾಟ ಬೇರೆ. ತುಂಬುತೋಳಿನ ಅಂಗಿ ಹಾಕಿ. ಹತ್ತುವ ದಾರಿಯನ್ನು ಬೆಳಗಿನ ಜಾವವೇ ಹಿಡಿಯಿರಿ.

ದಾರಿ ಸ್ಪಷ್ಟವಾಗಿದೆ, ಗೈಡ್ ಇಲ್ಲದೆಯೂ ಹೋಗುವವರಿದ್ದಾರೆ. ಆದರೂ ಮೊದಲ ಸಲವಾದರೆ ಗೈಡ್ ಇರಲಿ ಅಂತಲೇ ನಾನು ಹೇಳುತ್ತೇನೆ. ಗೈಡ್ ಇರುವ ಪ್ಯಾಕೇಜಿನಲ್ಲಿ ಹೇಸರಗತ್ತೆಗಳು ಸಾಮಾನು ಹೊರುತ್ತವೆ, ಅಡುಗೆಯ ಚಿಂತೆ ಇರುವುದಿಲ್ಲ. ಅವಶೇಷಗಳು ಬೆಟ್ಟದ ತುಂಬಾ ಚದುರಿಹೋಗಿವೆ, ಇನ್ನೂ ಬಹಳಷ್ಟು ಕಾಡಿನಡಿ ಮುಚ್ಚಿಕೊಂಡಿವೆ. ಮುಖ್ಯ ಚೌಕದಿಂದ ಕಡಿದಾಗಿ ಕೆಳಗಿಳಿದರೆ ಮೆಟ್ಟಿಲುಗದ್ದೆಗಳ ಕಪ್ಪು ಗೋಡೆಯಲ್ಲಿ ಬಿಳಿ ಕಲ್ಲು ಕೂರಿಸಿ ಮಾಡಿದ ಲಾಮಾಗಳ (ಒಂಟೆ ಜಾತಿಯ ಪ್ರಾಣಿ) ಚಿತ್ರಗಳಿವೆ. ಎಷ್ಟು ಚೆಂದ ಅಂತೀರಿ! ಸುಸ್ತಾಗಿದೆ ಅಂತ ಅದನ್ನು ಮಾತ್ರ ಬಿಡಬೇಡಿ. ಅಲ್ಲಿ ಒಂದಿಡೀ ದಿನ ಸಿಗುವ ಪ್ಯಾಕೇಜನ್ನೇ ಕೇಳಿ. ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಆಗಲೇ ಹೋಗಿ.