ಹೊಸ ಲ್ಯಾಪ್‌ಟಾಪಲ್ಲಿ ಮಾತ್ರ ಪೈ ಶೇರ್ ಓಪನ್ ಆಗ್ತಿಲ್ಲ, ಪಾಸ್‌ವರ್ಡೂ ಕೇಳ್ತಿಲ್ಲ, ಏನ್ ಮಾಡ್ಲಿ?

ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ ನೋಡಿ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಲಿನಕ್ಸ್ ಕಂಪ್ಯೂಟರಿಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಹಾಕಿ, ಲಿನಕ್ಸಿನ ಫೋಲ್ಡರನ್ನ ನೆಟ್‌ವರ್ಕಲ್ಲಿ ವಿಂಡೋಸಿಗೆ ತೋರಿಸೋ ಸಾಂಬಾದಲ್ಲಿ ಶೇರ್ ಮಾಡಿದೀರ, ಹಳೇ ವಿಂಡೋಸ್ 10 ಲ್ಯಾಪ್‌ಟಾಪಲ್ಲಿ ಓಪನ್ ಆಗುತ್ತೆ, ಟಿವಿಲೂ ಸಿನಿಮಾ ಓಡುತ್ತೆ, ಹೊಸ ವಿಂಡೋಸ್ 11 ಪ್ರೊದಲ್ಲಿ ಮಾತ್ರ ಪಾಸ್‌ವರ್ಡೂ ಕೇಳದೆ 80070035 ಎರರ್ ಅಂತೀರ. ಆ "ಪಾಸ್‌ವರ್ಡೂ ಕೇಳದೆ" ಅನ್ನೋದೇ ಇಲ್ಲಿ ಮುಖ್ಯ. ಹಳೇದರಲ್ಲಿ ನೀವು ಬಹುಶಃ ಇಷ್ಟು ದಿನ ಗೆಸ್ಟ್ ಆಗಿ, ಅಂದ್ರೆ ಪಾಸ್‌ವರ್ಡ್ ಇಲ್ಲದ ಅತಿಥಿಯಾಗಿ ಒಳಗೆ ಹೋಗ್ತಿದ್ರಿ, ನಿಮಗೇ ಗೊತ್ತಿಲ್ಲದೆ.

ಹೇಗೆ ಅಂದ್ರೆ, ಶೇರ್ ಓಪನ್ ಮಾಡಿದ ತಕ್ಷಣ ವಿಂಡೋಸ್ ಮೊದಲು ನೀವು ಲ್ಯಾಪ್‌ಟಾಪಿಗೆ ಲಾಗಿನ್ ಆಗಿರೋ ಹೆಸರನ್ನೇ ಪೈಗೆ ಕಳಿಸುತ್ತೆ. ಪೈನಲ್ಲಿ ಆ ಹೆಸರಿನ ಯೂಸರ್ ಇರಲ್ಲ. ಆದ್ರೆ ಸಾಂಬಾ ಕಾನ್ಫಿಗ್ ಫೈಲಲ್ಲಿ "ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್" ಅಂತ ಒಂದು ಸಾಲು ಮೊದಲಿಂದಾನೇ ಇರುತ್ತೆ, ಮದುವೆ ಮನೇಲಿ ಯಾರ ಕಡೆಯವರು ಅಂತ ಕೇಳದೆ ಊಟಕ್ಕೆ ಕೂರಿಸ್ತಾರಲ್ಲ ಹಾಗೆ, ಗೊತ್ತಿಲ್ಲದ ಹೆಸರು ಬಂದ್ರೆ ಗೆಸ್ಟ್ ಅಂತ ಒಳಗೆ ಬಿಟ್ಕೊಳ್ಳುತ್ತೆ. ಹಳೇ ವಿಂಡೋಸ್ ಸುಮ್ನೆ ಒಪ್ಕೊಳ್ತಿತ್ತು. 2024ರಲ್ಲಿ ಬಂದ 24ಎಚ್2 ಅಪ್‌ಡೇಟಿಂದ ವಿಂಡೋಸ್ 11 ಪ್ರೊ ಒಪ್ಪಲ್ಲ. ಗೆಸ್ಟ್ ಬೇಡ ಅನ್ನುತ್ತೆ, ಜೊತೆಗೆ ಹೋಗಿ ಬರೋ ಡೇಟಾದ ಪ್ರತಿ ಪ್ಯಾಕೆಟ್ಟಿಗೂ ಸೈನಿಂಗ್, ಅಂದ್ರೆ ದಾರೀಲಿ ಯಾರೂ ತಿದ್ದಿಲ್ಲ ಅನ್ನೋ ಗುರುತು ಬೇಕು ಅನ್ನುತ್ತೆ, ಸೈನ್ ಮಾಡೋಕೆ ಬೇಕಾದ ಕೀ ಹುಟ್ಟೋದೇ ಪಾಸ್‌ವರ್ಡಿಂದ, ಗೆಸ್ಟಿಗೆ ಪಾಸ್‌ವರ್ಡೇ ಇಲ್ಲ, ಅಲ್ಲಿಗೆ ಕಥೆ ಮುಗೀತು. ಎರರ್ ನೋಡಿದ್ರೆ "ನೆಟ್‌ವರ್ಕ್ ಪಾತ್ ಸಿಗಲಿಲ್ಲ" ಅಂತ ತೋರಿಸಿ ನಮ್ಮನ್ನ ಕೇಬಲ್ಲು, ರೂಟರ್ ಕಡೆ ಓಡಿಸುತ್ತೆ. ಹೋಮ್ ಎಡಿಷನ್ನಲ್ಲಿ ಈ ಬಿಗಿ ಇಲ್ಲ, ಹಾಗಾಗಿ ಫ್ರೆಂಡ್ ಲ್ಯಾಪ್‌ಟಾಪಲ್ಲಿ ಓಪನ್ ಆದ್ರೆ ತಲೆ ಕೆಡಿಸ್ಕೊಬೇಡಿ.

ಯೂಟ್ಯೂಬ್ ನೋಡಿ ಎಸ್‌ಎಂಬಿ1 ಆನ್ ಮಾಡ್ಲಾ ಅಂತ ಕೇಳಿದೀರ. ಎಸ್‌ಎಂಬಿ ಅಂದ್ರೆ ವಿಂಡೋಸೂ ಸಾಂಬಾನೂ ಫೈಲ್ ಶೇರ್ ಮಾಡೋಕೆ ಮಾತಾಡೋ ಭಾಷೆ, 1 ಅದರ ಹಳೇ ವರ್ಷನ್. ಬೇಡ್ವೇ ಬೇಡ. ಮೇ 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ತೂತಿಂದಾನೇ. ಮೇಲಾಗಿ ಸಾಂಬಾನೇ 2019ರ 4.11 ವರ್ಷನ್ನಿಂದ ಅದನ್ನ ಆಫ್ ಮಾಡಿ ಇಟ್ಟಿದೆ, ನಿಮ್ಮ ಪೈ ಎಸ್‌ಎಂಬಿ3ರಲ್ಲಿ ಆರಾಮಾಗಿ ಮಾತಾಡುತ್ತೆ, ಲ್ಯಾಪ್‌ಟಾಪಲ್ಲಿ ಆನ್ ಮಾಡಿದ್ರೂ ಈ ಎರರ್ ಹೋಗಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್ ಇಡೋ ರಿಜಿಸ್ಟ್ರಿಲಿ ಗೆಸ್ಟ್ ಬಿಡು, ಸೈನಿಂಗ್ ಬೇಡ ಅಂತ ಎರಡೂ ಬದಲಾಯಿಸಿದ್ರೆ ಓಪನ್ ಆಗುತ್ತೆ ನಿಜ, ಆದ್ರೆ ಐದು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ಇಡೀ ಲ್ಯಾಪ್‌ಟಾಪ್ ಸಡಿಲ ಮಾಡೋದು ನನಗಂತೂ ಸರಿ ಅನ್ಸಲ್ಲ.

ಆ ಐದು ನಿಮಿಷದ ಕೆಲಸ ಇಷ್ಟೇ. ಪೈನಲ್ಲಿ ನಿಮ್ಮ ಹೆಸರಲ್ಲಿ ಲಿನಕ್ಸ್ ಯೂಸರ್ ಇರಬೇಕು, ಆಮೇಲೆ ಅಲ್ಲೇ ಎಸ್‌ಎಂಬಿ ಪಾಸ್‌ವರ್ಡ್ (smbpasswd) ಕಮಾಂಡಿಗೆ ಹೈಫನ್ ಎ (-a) ಸೇರಿಸಿ ಅದೇ ಹೆಸರು ಕೊಡಿ, ಯಾಕಂದ್ರೆ ಸಾಂಬಾ ತನ್ನ ಪಾಸ್‌ವರ್ಡನ್ನ ಬೇರೇನೇ ಇಟ್ಕೊಳ್ಳುತ್ತೆ, ಪೈಗೆ ಲಾಗಿನ್ ಆಗೋ ಪಾಸ್‌ವರ್ಡ್ ಅದಕ್ಕೆ ಗೊತ್ತಿಲ್ಲ. ಆಮೇಲೆ ಲ್ಯಾಪ್‌ಟಾಪಲ್ಲಿ ಕಂಟ್ರೋಲ್ ಪ್ಯಾನೆಲ್, ಕ್ರೆಡೆನ್ಶಿಯಲ್ ಮ್ಯಾನೇಜರ್, ಅಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ ಅಂತ ಇರೋದ್ರಲ್ಲಿ ಪೈನ ಐಪಿ ಅಡ್ರೆಸ್, ಆ ಹೆಸರು, ಆ ಪಾಸ್‌ವರ್ಡ್ ಸೇರಿಸಿ. ಲ್ಯಾಪ್‌ಟಾಪ್ ತೆಗೆಯೋ ಪಿನ್ ಇಲ್ಲಿ ನಡೆಯಲ್ಲ, ಎಷ್ಟೋ ಜನ ಇಲ್ಲೇ ಸಿಕ್ಕಾಕೊಳ್ತಾರೆ. ಐಪಿ ಆಗಾಗ ಬದಲಾಗದ ಹಾಗೆ ರೂಟರಲ್ಲಿ ರಿಸರ್ವ್ ಮಾಡ್ಬಿಡಿ.

ಇಷ್ಟಾದ್ಮೇಲೆ 1219 ಅಂತ ಎರರ್ ಬಂದ್ರೆ ಗಾಬರಿ ಬೇಡ, ಅದೇ ಸರ್ವರಿಗೆ ಬೇರೆ ಹೆಸರಲ್ಲಿ ಒಂದು ಕನೆಕ್ಷನ್ ಆಗ್ಲೇ ಇದೆ ಅಂತ ಅರ್ಥ. ಕಮಾಂಡ್ ಪ್ರಾಂಪ್ಟಲ್ಲಿ ನೆಟ್ ಯೂಸ್, ಸ್ಪೇಸ್, ಸ್ಟಾರ್, ಸ್ಪೇಸ್, ಸ್ಲ್ಯಾಶ್ ಡಿಲೀಟ್ ಕೊಡಿ, ಇಲ್ಲಾ ಲಾಗ್ ಆಫ್ ಆಗಿ ಬನ್ನಿ. ಎಲ್ಲಾ ಮಾಡಿದ್ರೂ ಮೊದಲಿನ ಎರರೇ ಬಂದ್ರೆ ಆಗ ರೂಟರ್ ಕಡೆ ನೋಡಿ, ಹೊಸ ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ ಕನೆಕ್ಟ್ ಆಗಿದ್ರೆ ಫೈಲ್ ಶೇರಿಂಗ್ ನಡೆಯೋ ಪೈನ 445 ಪೋರ್ಟ್ ಸಿಗೋದೇ ಇಲ್ಲ.

ಫೋಲ್ಡರ್ ಓಪನ್ ಆಗುತ್ತೆ, ಕಾಪಿ ಮಾಡೋಕೆ ಹೋದ್ರೆ ಆಕ್ಸೆಸ್ ಡಿನೈಡ್ ಅನ್ನುತ್ತೆ ಅಂದ್ರೆ ಮೊದಲು ಸಾಂಬಾ ಕಾನ್ಫಿಗ್ ಫೈಲಲ್ಲಿ ಆ ಶೇರಿನ ಕೆಳಗೆ "ರೀಡ್ ಓನ್ಲಿ = ನೋ" ಇದ್ಯಾ ನೋಡಿ, ಇದ್ರೆ ತಕರಾರು ಡಿಸ್ಕಿನ ಪರ್ಮಿಷನ್ದು. ಇಷ್ಟು ದಿನ ಗೆಸ್ಟ್ ಹೆಸರಲ್ಲಿ ಬರೆದ ಫೈಲ್‌ಗಳ ಓನರ್ ಬೇರೆ ಇರ್ತಾನೆ. ಡಿಸ್ಕ್ ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟಲ್ಲಿದ್ರೆ ಓನರ್ ಬದಲಾಯಿಸಿ ಸಾಕು, ವಿಂಡೋಸ್ ಕಡೆಯ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ರೆ ಸಾಮಾನ್ಯವಾಗಿ ಆ ಆಟ ನಡೆಯಲ್ಲ, ಬೂಟ್ ಆಗುವಾಗ ಯಾವ ಡಿಸ್ಕನ್ನ ಎಲ್ಲಿ ಜೋಡಿಸ್ಬೇಕು (ಮೌಂಟ್) ಅಂತ ಹೇಳೋ ಎಫ್‌ಎಸ್‌ಟ್ಯಾಬ್ (fstab) ಫೈಲಲ್ಲಿ, ಮೌಂಟ್ ಮಾಡುವಾಗಲೇ ನಿಮ್ಮ ಯೂಸರ್ ಐಡಿ ಹೇಳ್ಬೇಕು. ಟಿವಿಗೋಸ್ಕರ ಗೆಸ್ಟ್ ಇರಲಿ ಅಂದ್ರೆ ಆ ಶೇರನ್ನ ರೀಡ್ ಓನ್ಲಿ ಮಾಡಿ, ಅದೇ ಕಾನ್ಫಿಗಲ್ಲಿ, ಬರೆಯೋಕೆ ಯಾರಿಗೆ ಅನುಮತಿ ಅಂತ ಹೇಳೋ ರೈಟ್ ಲಿಸ್ಟಲ್ಲಿ ನಿಮ್ಮ ಹೆಸರು ಹಾಕಿ.

ಎಫ್‌ಎಸ್‌ಟ್ಯಾಬ್ ಮುಟ್ಟೋದೇ ಆದ್ರೆ ಆ ಸಾಲಲ್ಲಿ ನೋಫೇಲ್ ಅಂತಾನೂ ಸೇರಿಸಿ, ಇಲ್ದಿದ್ರೆ ಡಿಸ್ಕ್ ಸಿಗದ ದಿನ ಪೈ ಪೂರ್ತಿ ಬೂಟೇ ಆಗದೆ ಕೂರಬಹುದು. ಅದು ಇದ್ದಾಗಲೂ ಒಂದು ಎಚ್ಚರ ಇರಲಿ, ಕರೆಂಟ್ ಹೋಗಿ ಬಂದಾಗ ಡಿಸ್ಕ್ ಮೌಂಟ್ ಆಗದೆ ಶೇರ್ ಖಾಲಿ ಕಾಣಬಹುದು, ಆಗ ಅದಕ್ಕೆ ಏನೂ ಕಾಪಿ ಮಾಡ್ಬೇಡಿ, ಎಲ್ಲಾ ಎಸ್‌ಡಿ ಕಾರ್ಡಿಗೆ ಹೋಗಿ ತುಂಬ್ಕೊಳ್ಳುತ್ತೆ, ಮೊದಲು ಡಿಎಫ್ ಕಮಾಂಡ್ ಕೊಟ್ಟು ಡಿಸ್ಕ್ ಲಿಸ್ಟಲ್ಲಿ ಇದ್ಯಾ ನೋಡ್ಕೊಳ್ಳಿ.