ಆರ್‌ಸಿ (ರಿಮೋಟಿನಿಂದ ಓಡಿಸುವ) ಕಾರಿಗೆ ಹೊಸ ಸ್ಪರ್ ಗೇರ್ (ಮೋಟಾರಿನ ಚಿಕ್ಕ ಗೇರು ತಿರುಗಿಸುವ ದೊಡ್ಡ ಗೇರು) ಹಾಕಿದ ಎರಡೇ ದಿನಕ್ಕೆ ಹಲ್ಲು ಸವೆದುಹೋಯಿತು. ಎಲ್ಲಿ ತಪ್ಪಿದೆ?

ತಪ್ಪು ಬಹುಶಃ ಗೇರಿನದಲ್ಲ, ಕೂರಿಸಿದ ರೀತಿಯದು. ಮೊದಲು ಪಿಚ್, ಅಂದರೆ ಹಲ್ಲಿನ ಗಾತ್ರದ ಅಳತೆ ನೋಡಿ. ಉದಾಹರಣೆಗೆ ಟ್ರ್ಯಾಕ್ಸಸ್ ಸ್ಲ್ಯಾಶ್ ಟೂ ವೀಲ್ ಡ್ರೈವ್ ಕಾರಿನ ಸಾಮಾನ್ಯ ಜೋಡಿ 86 ಹಲ್ಲಿನ ಸ್ಪರ್, 19 ಹಲ್ಲಿನ ಪಿನಿಯನ್ (ಮೋಟಾರ್ ಶಾಫ್ಟಿಗೆ ಕೂರುವ ಚಿಕ್ಕ ಗೇರು). ಎರಡೂ 48 ಪಿಚ್. ಅದಕ್ಕೆ 32 ಪಿಚ್‌ನ ಪಿನಿಯನ್ ಹಾಕಿದರೆ ಹಲ್ಲಿನ ಗಾತ್ರವೇ ಬೇರೆ, ಪ್ಲಾಸ್ಟಿಕ್ ಸ್ಪರನ್ನು ತಿಂದುಹಾಕುತ್ತದೆ.

ಪಿಚ್ ಸರಿಯಿದ್ದರೆ ಉಳಿಯುವುದು ಎರಡು ಗೇರುಗಳ ನಡುವಿನ ಸಂದಿನ ಲೆಕ್ಕ. ಮೋಟಾರಿನ ಸ್ಕ್ರೂ ಸಡಿಲಿಸಿ, ನೋಟ್‌ಬುಕ್ ಹಾಳೆಯ ಸಣ್ಣ ಪಟ್ಟಿಯೊಂದನ್ನು ಎರಡು ಗೇರುಗಳ ನಡುವೆ ತೂರಿಸಿ, ಪಿನಿಯನ್ನನ್ನು ಸ್ಪರ್‌ಗೆ ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಿ. ಗೇರು ತಿರುಗಿಸಿ ಹಾಳೆ ಹೊರತೆಗೆಯಿರಿ. ಹರಿಯದೆ, ಬೀಸಣಿಗೆಯ ಮಡಿಕೆಯಂತೆ ಗೆರೆ ಬಿದ್ದು ಬಂದರೆ ಸರಿ. ಆಮೇಲೆ ಪಿನಿಯನ್ ಹಿಡಿದು ಸ್ಪರ್ ಅಲುಗಾಡಿಸಿ; ಕೂದಲೆಳೆಯಷ್ಟು ಟಿಕ್ ಟಿಕ್ ಇರಲೇಬೇಕು. ಇದನ್ನು ಸ್ಪರಿನ ನಾಲ್ಕೈದು ಕಡೆ ನೋಡಿ, ಪ್ಲಾಸ್ಟಿಕ್ ಗೇರು ಪೂರ್ತಿ ಗುಂಡಗಿರುವುದು ಅಪರೂಪ.

ಪಿನಿಯನ್ನಿನ ಗ್ರಬ್ ಸ್ಕ್ರೂ (ಅದನ್ನು ಶಾಫ್ಟಿಗೆ ಬಿಗಿಯುವ ಪುಟ್ಟ ಸ್ಕ್ರೂ) ಮೋಟಾರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು. ಅದಕ್ಕೊಂದು ಹನಿ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಪ್ಲಾಸ್ಟಿಕ್‌ಗೆ ಮಾತ್ರ ತಾಗಿಸಬೇಡಿ, ಬಿರುಕು ಬಿಡಬಹುದು. ಮೊದಲ ಸಲ ನಾನು ಈ ಗ್ರಬ್ ಸ್ಕ್ರೂ ಸರಿಯಾಗಿ ಕೂರಿಸುವುದನ್ನೇ ಮರೆತಿದ್ದೆ. ಮೋಟಾರು ಕಿರುಚುತ್ತಿತ್ತು, ಕಾರು ಮಾತ್ರ ಬೀದಿ ಮಧ್ಯೆ ಕದಲದೆ ನಿಂತಿತ್ತು.

ವೇಗಕ್ಕೆಂದು ದೊಡ್ಡ ಪಿನಿಯನ್ ಹಾಕುವುದಾದರೆ ಒಂದು ಸಲಕ್ಕೆ ಒಂದೆರಡು ಹಲ್ಲಷ್ಟೇ ಏರಿಸಿ. ಐದು ನಿಮಿಷ ಓಡಿಸಿ ಮೋಟಾರು ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾದರೆ ಹಳೆಯದನ್ನೇ ಹಾಕಿ.